ಎಂಜಲು, ಮಡಿ ಮತ್ತು ಜ್ಞಾನಸ್ನಾನ

ಮಳೆಗಾಲದಲ್ಲಿ ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ನೀರಿನಲ್ಲಿ ನಿಲ್ಲುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಪಾಳು ಕಟ್ಟಡವನ್ನು ನೋಡಲು ಬರುವವರು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಹಾಸನ ಸೀಮೆಯ ಕ್ರೈಸ್ತ ಒಕ್ಕಲು ಮಕ್ಕಳ ಬದುಕಿನಲ್ಲಿ ಶುದ್ಧಿ ಎಂದರೆ ಏನಾಗಿತ್ತು ಎಂಬ ಪ್ರಶ್ನೆ ಈ ಕಟ್ಟಡಕ್ಕಿಂತಲೂ ಹಳೆಯದು.

ಹದಿನೇಳನೇ ಶತಮಾನದ ನಡುವಿನಲ್ಲಿ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತರು. ಇವರೂ ಇವರ ಜೊತೆಯವರೂ ಸಂನ್ಯಾಸಿಗಳ ವೇಷ ತೊಟ್ಟರು, ಮಾಂಸ ಬಿಟ್ಟರು. ಅದಕ್ಕೆ ಕಾರಣವಿತ್ತು. ದನದ ಮಾಂಸ ತಿಂದು, ಮದ್ಯ ಕುಡಿದು, ಚರ್ಮದ ಬೂಟು ಹಾಕಿ, ಮೂಗು ಸೀಟಿದ ಬಟ್ಟೆಯನ್ನು ಮತ್ತೆ ಜೇಬಿಗೆ ತುರುಕುವ ಯೂರೋಪಿನವನನ್ನು ಇಲ್ಲಿಯ ಜನ ಪಡಸಾಲೆಗೂ ಕರೆಯುತ್ತಿರಲಿಲ್ಲ. ಅಂಥವನ ಬಾಯಿಂದ ದೇವರ ಮಾತು ಯಾರು ಕೇಳಿಯಾರು?

ತೊಡಕು ಬಂದದ್ದು ಜ್ಞಾನಸ್ನಾನದಲ್ಲಿ. ಆಗಿನ ರೋಮನ್ ವಿಧಿಯಂತೆ ಪಾದ್ರಿ ತನ್ನ ಉಗುಳಿನಿಂದ ದೀಕ್ಷೆ ಪಡೆಯುವವನ ಕಿವಿ ಮೂಗುಗಳನ್ನು ಮುಟ್ಟಬೇಕು. ಯೇಸು ಕಿವುಡನೊಬ್ಬನನ್ನು ಹಾಗೆ ಗುಣಪಡಿಸಿದನೆಂಬುದು ಅದರ ಆಧಾರ. ಒಂದೇ ಲೋಟವನ್ನು ಕಚ್ಚದೆ ಎತ್ತಿ ಕುಡಿಯುವ ನಾಡಿನಲ್ಲಿ ಇದು ಶುದ್ಧ ಎಂಜಲು! ಪಾದ್ರಿಗಳು ಆ ಭಾಗವನ್ನೇ ಕೈಬಿಟ್ಟರು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋ ಪುದುಚೇರಿಯಲ್ಲಿ ಅದನ್ನು ಬಿಡಕೂಡದೆಂದು ಆಜ್ಞೆ ಹೊರಡಿಸಿದರು. ನಲವತ್ತು ವರ್ಷಗಳ ಜಗಳದ ನಂತರ 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ನೀಡಿದ ತೀರ್ಪಿನಲ್ಲಿ ಮಧುರೆ, ಕರ್ನಾಟಿಕ್ ಸೀಮೆಗಳ ಜೊತೆ ಮೈಸೂರಿನ ಹೆಸರೂ ಇತ್ತು.

ಉಗುಳಿನ ವಿವಾದ ಇಂದು ನಗೆ ತರಿಸಬಹುದು. ಅದೇ ತೀರ್ಪಿನ ಇನ್ನೊಂದು ಅಂಶ ಹಾಗಲ್ಲ. ಸಾಯುತ್ತಿರುವ ಹೊಲೆಯರ ಗುಡಿಸಲಿನೊಳಕ್ಕೆ ಹೋಗಿ ಪಾದ್ರಿ ಪವಿತ್ರ ತೈಲ ಹಚ್ಚಬೇಕೆಂದು ರೋಮ್ ಹೇಳಿತು. ಹೋದರೆ ಮೇಲ್ಜಾತಿಯ ಕ್ರೈಸ್ತರು ದೂರವಾಗುತ್ತಾರೆಂಬ ಅಂಜಿಕೆ ಜೆಸ್ವಿಟರದು. ಕೊನೆಗೆ ಅಸ್ಪೃಶ್ಯರಿಗೆಂದೇ ಬೇರೆ ಪಾದ್ರಿಗಳನ್ನು ನೇಮಿಸುವ ಉಪಾಯವನ್ನು ಅವರು ಮುಂದಿಟ್ಟರು, ಪೋಪರು ಒಪ್ಪಿದರು. ಎಂಜಲಿಗೆ ಹೇಸಿದ್ದು ನಾಡಿನ ರೀತಿಗೆ ಕೊಟ್ಟ ಮನ್ನಣೆ ಎನ್ನೋಣ. ಗುಡಿಸಲಿನ ಬಾಗಿಲಲ್ಲಿ ಹಿಂಜರಿದದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಕೌತುಕವೆಂದರೆ, ಕಿವುಡನ ಕಥೆ ಬರುವುದು ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ. ಅದೇ ಅಧ್ಯಾಯದ ಮೊದಲಿಗೆ ಕೈತೊಳೆಯುವ ಮಡಿಯ ಚರ್ಚೆ ಇದೆ. ಹೊರಗಿನಿಂದ ಒಳಗೆ ಹೋಗುವ ಆಹಾರ ಮನುಷ್ಯನನ್ನು ಮೈಲಿಗೆ ಮಾಡದು, ಒಳಗಿನಿಂದ ಹೊರಡುವ ಕೇಡೇ ಮೈಲಿಗೆ ಎಂಬುದು ಅಲ್ಲಿ ಯೇಸುವಿನ ನಿಲುವು.

1792ರಲ್ಲಿ ಭಾರತಕ್ಕೆ ಬಂದ ಅಬ್ಬೆ ದುಬಾಯ್ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆಸಿದರು. ಅವರದೂ ದೇಶೀ ಉಡುಪು, ದೇಶೀ ಊಟ. ಹಾಸನದ ಬಳಿ ಕ್ರೈಸ್ತ ಬೇಸಾಯಗಾರರಿಗೆ ನೆಲೆ ಮಾಡಿಕೊಟ್ಟರು. ಸಿಡುಬಿಗೆ ಹಸುವಿನ ಕೀವಿನಿಂದ ಬಂದ ಲಸಿಕೆ ಹಾಕುವ ಕೆಲಸವನ್ನೂ ಕೈಗೆತ್ತಿಕೊಂಡರು. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಒಬ್ಬನ ತೋಳಿನ ಗುಳ್ಳೆಯಿಂದ ಇನ್ನೊಬ್ಬನ ತೋಳಿಗೆ ದಾಟಿಸುವ ಆ ಲಸಿಕೆ ಮಡಿವಂತರಿಗೆ ಸಣ್ಣ ಮಾತಾಗಿರಲಾರದು. ಇಷ್ಟಾದರೂ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ದುಬಾಯ್, ಹಿಂದೂಗಳ ಮತಾಂತರ ಆಗದ ಮಾತು ಎಂದೇ ಬರೆದರು. ಅದೇ ವರ್ಷ ಫ್ರಾನ್ಸಿಗೆ ಮರಳಿದರು.

1969ರಲ್ಲಿ ಮಕ್ಕಳ ಜ್ಞಾನಸ್ನಾನದ ವಿಧಿ ಪರಿಷ್ಕಾರಗೊಂಡಾಗ ಉಗುಳು ಬಿಟ್ಟುಹೋಯಿತು. ಕಿವಿ ಬಾಯಿಗಳನ್ನು ಬೆರಳಿನಿಂದ ಮುಟ್ಟಿದರೆ ಸಾಕು. ಜಾತಿಯ ಮೈಲಿಗೆ ಅಷ್ಟು ಸುಲಭವಾಗಿ ಬಿಡಲಿಲ್ಲ. 2016ರಲ್ಲಿ ಭಾರತದ ಕೆಥೊಲಿಕ್ ಬಿಷಪ್ಪರು ದಲಿತರ ಬಗ್ಗೆ ಪ್ರಕಟಿಸಿದ ನೀತಿಯಲ್ಲಿ, ತಮ್ಮ ಸಭೆಯೊಳಗೇ ಆ ಆಚರಣೆ ಉಳಿದಿರುವುದನ್ನು ಒಪ್ಪಿಕೊಂಡು ಅದನ್ನು ಪಾಪವೆಂದು ಕರೆದರು.