ಕ್ಲಾರಿಯೋನೆಟ್ ಮತ್ತು ಸ್ಯಾಕ್ಸೋಫೋನ್ : ಕಲಿಯುವ ವಿದ್ಯಾರ್ಥಿಗಳಿಗೆ ಕೆಲವು ಮಾತುಗಳು

ತತ, ಅವನದ್ಧ, ಘನ, ಸುಷಿರ ಎಂದು ನಮ್ಮ ಶಾಸ್ತ್ರಕಾರರು ವಾದ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಮನುಷ್ಯನ ಉಸಿರೇ ನಾದವಾಗಿ ಪರಿಣಮಿಸುವುದು ಸುಷಿರವಾದ್ಯದಲ್ಲಿ. ಕೊಳಲು, ಸನಾದಿಗಳು ಈ ನೆಲದಲ್ಲಿ ಬಹುಕಾಲದಿಂದ ಬೆಳೆದು ಬಂದವು. ಕ್ಲಾರಿಯೋನೆಟ್, ಸ್ಯಾಕ್ಸೋಫೋನ್‌ಗಳು ಪಶ್ಚಿಮದಿಂದ ಬಂದು ನಮ್ಮವಾದವು. ಮೊದಲನೆಯದು ಸುಮಾರು 1700ರ ವೇಳೆಗೆ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಡೆನ್ನರ್ ಎಂಬ ವಾದ್ಯಶಿಲ್ಪಿಯ ಕೈಯಲ್ಲಿ ರೂಪುಗೊಂಡಿತು. ಎರಡನೆಯದಕ್ಕೆ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದನು.

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹುಡುಗರು ಈ ವಾದ್ಯಗಳ ದನಿಯನ್ನು ಮೊದಲು ಕೇಳುವುದು ಬಹುತೇಕ ಮದುವೆಯ ಬ್ಯಾಂಡಿನಲ್ಲಿ. ಇದು ಕೀಳಾದ ಆರಂಭವೇನೂ ಅಲ್ಲ. 1922ರಲ್ಲಿ ರೋಣದಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಬೀದಿಯಲ್ಲಿ ಸಾಗುವ ಭಜನೆ, ವಾದ್ಯಮೇಳಗಳ ಬೆನ್ನುಹತ್ತಿ ಹೋಗುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಆದರೆ ಕಿವಿಯ ಮೋಹವು ವಿದ್ಯೆಯಾಗಬೇಕಾದರೆ ತಳಹದಿ ಬೇಕು. ವಾದ್ಯ ಕೈಗೆ ಬಂದ ತಿಂಗಳೊಳಗೆ ಚಿತ್ರಗೀತೆ ನುಡಿಸಬೇಕೆಂಬ ಆತುರದಿಂದ ಬೆರಳು ಕಲಿಯುತ್ತದೆ, ಉಸಿರು ಕಲಿಯುವುದಿಲ್ಲ. ಅಂಥವನು ಹತ್ತು ಹಾಡು ಬಲ್ಲವನಾದರೂ ಗಾಯಕನೊಬ್ಬನ ಶ್ರುತಿಗೆ ಹೊಂದಿಕೊಂಡು ಕುಳಿತು ನುಡಿಸಲಾರನು.

ಉಸಿರು ಮತ್ತು ತುಟಿ

ಸ್ಯಾಕ್ಸೋಫೋನಿನ ಒಡಲು ಹಿತ್ತಾಳೆಯದಾದರೂ ಎರಡೂ ವಾದ್ಯಗಳಲ್ಲಿ ನಾದ ಹುಟ್ಟುವುದು ಒಂದೇ ಒಂದು ತೆಳುವಾದ ರೀಡಿನ ಕಂಪನದಿಂದ. ಕೆಳತುಟಿಯನ್ನು ಕೆಳಹಲ್ಲುಗಳ ಮೇಲೆ ತುಸುವೇ ಮಡಿಸಬೇಕು. ಮೇಲಿನ ಹಲ್ಲುಗಳು ಮೌತ್‌ಪೀಸಿನ ಮೇಲೆ ಹಗುರವಾಗಿ ನಿಲ್ಲಬೇಕು. ಗಲ್ಲ ಉಬ್ಬಬಾರದು, ರೀಡನ್ನು ಕಚ್ಚಬಾರದು. ಉಸಿರನ್ನು ಭುಜವೆತ್ತಿ ಎಳೆಯದೆ ಹೊಟ್ಟೆ, ಪಕ್ಕೆಗಳು ತುಂಬುವಂತೆ ಸೆಳೆದುಕೊಂಡು ಒಂದೇ ಒತ್ತಡದಲ್ಲಿ ಬಿಡಬೇಕು. ಸ್ವರದ ಆರಂಭವನ್ನು ನಾಲಿಗೆಯ ತುದಿಯಿಂದ ರೀಡನ್ನು ಮುಟ್ಟಿ ಬಿಟ್ಟು ಮಾಡಬೇಕು.

ಮೊದಲ ಸಾಧನೆಯೆಂದರೆ ದೀರ್ಘಸ್ವರ. ತಂಬೂರಿಯ ಅಥವಾ ಶ್ರುತಿಪೆಟ್ಟಿಗೆಯ ನಾದದೊಡನೆ ಒಂದೇ ಸ್ವರವನ್ನು, ನಿಮಿಷಕ್ಕೆ 60 ಮಾತ್ರೆಗಳ ಲಯದಲ್ಲಿ, 8 ಮಾತ್ರೆಗಳ ಕಾಲ ನಿಲ್ಲಿಸಬೇಕು. ದಿನಕಳೆದಂತೆ ಅದನ್ನು 16ಕ್ಕೆ ಏರಿಸಬೇಕು. ಆದಿಯಲ್ಲಿದ್ದ ನಾದವೇ ಅಂತ್ಯದಲ್ಲಿಯೂ ಇದ್ದರೆ ಸಾಧನೆ ಸರಿಯಾಗಿದೆಯೆಂದು ತಿಳಿಯಬೇಕು. ಕ್ಲಾರಿಯೋನೆಟ್ಟು ಕಿರುಚಿದರೆ ಬೆದರಬೇಕಾಗಿಲ್ಲ. ಬೆರಳಿನ ಮೆತ್ತನೆಯ ಭಾಗವು ರಂಧ್ರವನ್ನು ಪೂರ್ತಿ ಮುಚ್ಚಿದೆಯೇ, ಹಲ್ಲು ರೀಡನ್ನು ಒತ್ತುತ್ತಿದೆಯೇ, ರೀಡು ಒಣಗಿದೆಯೇ ಅಥವಾ ತುದಿ ಮುರಿದಿದೆಯೇ ಎಂದು ಕ್ರಮವಾಗಿ ನೋಡಿದರೆ ಕಾರಣವು ಸಾಮಾನ್ಯವಾಗಿ ಸಿಕ್ಕುತ್ತದೆ.

ಎರಡು ವಾದ್ಯಗಳ ಭೇದ

ಕ್ಲಾರಿಯೋನೆಟ್ಟಿನ ಒಳಕೊಳವೆಯು ಬಹುಪಾಲು ಒಂದೇ ಅಗಲವಾಗಿದೆ. ಸ್ಯಾಕ್ಸೋಫೋನಿನದು ಕೆಳಗಿಳಿದಂತೆ ಅಗಲವಾಗುತ್ತದೆ. ಈ ಸಣ್ಣ ಭೇದದಿಂದ ದೊಡ್ಡ ಪರಿಣಾಮವುಂಟಾಗುತ್ತದೆ. ಕೆಳಸ್ಥಾಯಿಯಲ್ಲಿ ಷಡ್ಜ ನುಡಿಸುವ ಬೆರಳುಗಳನ್ನು ಹಾಗೆಯೇ ಇರಿಸಿ ಎಡಗೈಯ ಹೆಬ್ಬೆರಳಿನ ಕೀಯನ್ನು ಒತ್ತಿದರೆ ಸ್ಯಾಕ್ಸೋಫೋನಿನಲ್ಲಿ ಮೇಲಿನ ಷಡ್ಜ ಕೇಳುತ್ತದೆ. ಕ್ಲಾರಿಯೋನೆಟ್ಟಿನಲ್ಲಿ ಅದನ್ನೂ ದಾಟಿ ಮೇಲಿನ ಪಂಚಮ ಕೇಳುತ್ತದೆ. ಆದುದರಿಂದ ಸ್ಯಾಕ್ಸೋಫೋನಿನವನಿಗೆ ಎರಡು ಸಪ್ತಕಗಳ ಬೆರಳುಗಾರಿಕೆ ಬಹುಮಟ್ಟಿಗೆ ಒಂದೇ. ಕ್ಲಾರಿಯೋನೆಟ್ಟಿನವನು ಎರಡನ್ನೂ ಬೇರೆಬೇರೆಯಾಗಿ ಕಲಿಯಬೇಕು. ಬೆರಳುಗಳೆಲ್ಲ ತೆರೆದಿರುವ ಸ್ವರದಿಂದ ಎಲ್ಲವೂ ಮುಚ್ಚುವ ಸ್ವರಕ್ಕೆ ದಾಟುವ ನಡುವಣ ತಾಣದಲ್ಲಿಯೇ ಹೊಸಬರು ಎಡವುತ್ತಾರೆ. ಅಲ್ಲಿ ಎರಡೇ ಸ್ವರಗಳನ್ನು ಹಿಡಿದು ನಿಧಾನವಾಗಿ ಹಿಂದೆ ಮುಂದೆ ದಾಟುವ ಸಾಧನೆ ಮಾಡಬೇಕು.

ಶ್ರುತಿಯ ಲೆಕ್ಕವನ್ನೂ ಆರಂಭದಲ್ಲಿಯೇ ತಿಳಿಯಬೇಕು. ಪುಸ್ತಕದಲ್ಲಿ ‘ಸಿ’ ಎಂದು ಬರೆದ ಸ್ವರವನ್ನು ನುಡಿಸಿದರೆ ಸಾಮಾನ್ಯ ಬಿ-ಫ್ಲ್ಯಾಟ್ ಕ್ಲಾರಿಯೋನೆಟ್ಟಿನಲ್ಲಿ ಹಾರ್ಮೋನಿಯಮ್ಮಿನ ಕರಿ 5, ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಕರಿ 2 ಕೇಳುತ್ತದೆ. ಗಾಯಕನ ಷಡ್ಜವು ಕರಿ 1 ಆಗಿದ್ದರೆ ಕ್ಲಾರಿಯೋನೆಟ್ಟಿನವನು ತನ್ನ ‘ಸಿ’ಯಿಂದ ಮೂರು ಅರ್ಧಸ್ವರ ಮೇಲಕ್ಕೆ ಸರಿದು ಷಡ್ಜ ಹಿಡಿಯಬೇಕು. ಇದನ್ನರಿಯದೆ ಒಂದೇ ಪಟ್ಟಿಯಲ್ಲಿ ನುಡಿಸುತ್ತ ಉಳಿದವನಿಗೆ ಹಾಡುಗಾರರ ಸಂಗಡ ಕೂಡುವ ಬಾಗಿಲು ಮುಚ್ಚಿಯೇ ಇರುತ್ತದೆ.

ಅಭ್ಯಾಸದ ಕ್ರಮ

ವಾರಕ್ಕೊಮ್ಮೆ ಮೂರು ತಾಸು ನುಡಿಸುವುದಕ್ಕಿಂತ ನಿತ್ಯವೂ ಮುಕ್ಕಾಲು ತಾಸು ನುಡಿಸುವುದು ಲೇಸು. ಅದರಲ್ಲಿ 10 ನಿಮಿಷ ದೀರ್ಘಸ್ವರ, 10 ನಿಮಿಷ ಅಲಂಕಾರ, 15 ನಿಮಿಷ ಕಠಿನವೆನಿಸಿದ ಭಾಗ, ಕೊನೆಯ 10 ನಿಮಿಷ ಬಲ್ಲ ಗೀತೆ ಎಂದು ಹಂಚಿಕೊಳ್ಳಬಹುದು. ತಪ್ಪಾದಾಗ ಮೊದಲಿಂದ ನುಡಿಸದೆ ತಪ್ಪಾದ ನಾಲ್ಕು ಸ್ವರಗಳನ್ನಷ್ಟೇ ಹಿಡಿದು, ವೇಗವನ್ನು ಅರ್ಧಕ್ಕಿಳಿಸಿ ತಿದ್ದಬೇಕು. ವೇಗದಲ್ಲಿ ತಪ್ಪನ್ನು ಹತ್ತು ಸಲ ನುಡಿಸಿದರೆ ಕೈಗೆ ತಪ್ಪೇ ರೂಢಿಯಾಗುತ್ತದೆ. ಕೈಗಳೆರಡೂ ವಾದ್ಯದ ಮೇಲಿರುವುದರಿಂದ ತಾಳವನ್ನು ಕಾಲಿನಿಂದ ಹಾಕಬೇಕು. ನುಡಿಸುವ ಮುನ್ನ ಪಾಠವನ್ನು ಬಾಯಲ್ಲಿ ಹಾಡಬೇಕು. ಕಂಠಕ್ಕೆ ಬಾರದ ಸ್ವರ ಬೆರಳಿಗೆ ಬಂದರೂ ಶ್ರುತಿಯಲ್ಲಿ ನಿಲ್ಲುವುದು ಕಷ್ಟ. ತುಟಿ ದಣಿದೊಡನೆ ವಿರಮಿಸಬೇಕು.

ವಾದ್ಯದ ರಕ್ಷಣೆ

ಆರಂಭಕ್ಕೆ 2 ಅಥವಾ 2½ರ ರೀಡು ತಕ್ಕುದು. ಮೂರು ನಾಲ್ಕು ರೀಡುಗಳನ್ನು ಸರದಿಯಂತೆ ಬಳಸಿ, ನುಡಿಸಿದ ಮೇಲೆ ಬಿಚ್ಚಿ ಒರೆಸಿ ಸಮತಟ್ಟಾಗಿ ಇಟ್ಟರೆ ಬಹುದಿನ ಬಾಳುತ್ತವೆ. ನಮ್ಮ ಎರೆನಾಡಿನ ಬೇಸಿಗೆಯ ಒಣಗಾಳಿಗೆ ಕಟ್ಟಿಗೆಯ ಕ್ಲಾರಿಯೋನೆಟ್ಟು ಸೀಳುವ ಭಯವಿದೆ. ಹೊಸಬರಿಗೆ ಪ್ಲಾಸ್ಟಿಕ್ಕಿನದೇ ಸಾಕು. ಶಾಲೆಯ ಒಂದೇ ವಾದ್ಯವನ್ನು ಹಲವರು ನುಡಿಸುವಲ್ಲಿ ಪ್ರತಿಯೊಬ್ಬನಿಗೂ ಬೇರೆ ರೀಡು ಇರಬೇಕು. ಮೌತ್‌ಪೀಸನ್ನು ಪ್ರತಿ ಸಲವೂ ತೊಳೆಯಬೇಕು. ಕುದಿನೀರು ಸೋಕಿದರೆ ಮಾತ್ರ ಅದು ಕೆಡುತ್ತದೆ.

ಇಷ್ಟೆಲ್ಲ ಶ್ರಮದ ಫಲವೇನೆಂಬುದಕ್ಕೆ ಕದ್ರಿ ಗೋಪಾಲನಾಥರ (1949–2019) ಜೀವನವೇ ಉತ್ತರ. ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ವರ್ಷಾನುಗಟ್ಟಲೆ ಸಾಧನೆಗೈದು, ವಾದ್ಯವನ್ನೇ ಗಮಕಗಳಿಗೆ ಒಗ್ಗಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪಡೆದರು. ಸಮೀಪದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಬಡಮಕ್ಕಳಿಗೆ ಸಂಗೀತವನ್ನಿತ್ತು ಬದುಕು ಕಟ್ಟಿಕೊಟ್ಟದ್ದು ನಮಗೆ ಇನ್ನೂ ಹತ್ತಿರದ ನಿದರ್ಶನ.

ಮೆರವಣಿಗೆಯ ಬೀದಿಗೂ ಸಂಗೀತಸಭೆಗೂ ನಡುವೆ ಇರುವ ದಾರಿ ಈ ದೀರ್ಘಸ್ವರದ್ದೇ ಆಗಿದೆ. ಬೀದಿಯಲ್ಲಿ ನುಡಿಸಿ ಅನ್ನ ಗಳಿಸುವವನಿಗೂ ಶ್ರುತಿಶುದ್ಧಿಯು ಗೌರವವನ್ನು ತರುತ್ತದೆ. ನಮ್ಮ ವಿದ್ಯಾರ್ಥಿಗಳು ಮೊದಲ ಆರು ತಿಂಗಳನ್ನು ತಾಳ್ಮೆಯಿಂದ ಉಸಿರಿಗೂ ಷಡ್ಜಕ್ಕೂ ಮೀಸಲಿಡಲಿ. ಹಾಡುಗಳು ತಾವಾಗಿಯೇ ಒಲಿದು ಬರುವುವು.