ಮೇರಿಹಿಲ್ಲಿನ ತಿರುವುಗಳಲ್ಲಿ ನಿಂತವರು

ಅಮೆರಿಕಾ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಕೊಲಂಬಿಯಾ ನದಿಯ ಉತ್ತರ ದಡದ ಬೋಳುಗುಡ್ಡಗಳ ನಡುವೆ, ಎಡಕ್ಕೂ ಬಲಕ್ಕೂ ಮತ್ತೆ ಮತ್ತೆ ಹೊರಳುತ್ತ ಇಳಿಯುವ ಹಳೆಯ ರಸ್ತೆಯೊಂದುಂಟು. ಮೇರಿಹಿಲ್ ಲೂಪ್ಸ್ ಎಂಬ ಹೆಸರಿನ ಈ ರಸ್ತೆಯನ್ನು 1909ರಿಂದ 1913ರವರೆಗಿನ ಅವಧಿಯಲ್ಲಿ ಸ್ವಂತ ಹಣವನ್ನು ವೆಚ್ಚಮಾಡಿ ಕಟ್ಟಿಸಿದವನು ಸ್ಯಾಮ್ಯುಯೆಲ್ ಹಿಲ್. ವೃತ್ತಿಯಿಂದ ವಕೀಲನಾಗಿದ್ದು, ಒಳ್ಳೆಯ ರಸ್ತೆಗಳನ್ನು ಮಾಡಿಸುವುದು ಹವ್ಯಾಸಕ್ಕಿಂತ ಮಿಗಿಲಾದ ಧರ್ಮವೆಂದೇ ನಂಬಿ ಬಾಳಿದವನು. ಆ ನದೀತೀರದಲ್ಲಿ ಕ್ವೇಕರ್ ಪಂಥದ ರೈತರ ಊರೊಂದನ್ನು ನೆಲೆಗೊಳಿಸಬೇಕೆಂಬ ಅವನ ಸಂಕಲ್ಪವು ಫಲಿಸಲಿಲ್ಲ. ವಾಹನ ಸಂಚಾರವು ಕಾಲಕ್ರಮದಲ್ಲಿ ಬೇರೆ ಹೆದ್ದಾರಿಗೆ ಸರಿಯಿತು. ರಸ್ತೆಯಾದರೋ ಮೇರಿಹಿಲ್ ವಸ್ತುಸಂಗ್ರಹಾಲಯದ ಸ್ವತ್ತಾಗಿ, ಕಾಲ್ನಡಿಗೆಯವರಿಗೂ ಸೈಕಲ್ ಸವಾರರಿಗೂ ಮೀಸಲಾಗಿ ಉಳಿಯಿತು. ಅಂದಿನ ಮೋಟಾರುಗಳ ಏರಿಕೆಯನ್ನು ಸುಗಮಗೊಳಿಸಲೆಂದು ಎಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ ರೂಪಿಸಿದ ಆ ಬಳಸುದಾರಿಯೇ, ಒಂದು ಶತಮಾನ ಕಳೆಯುವಷ್ಟರಲ್ಲಿ, ನಾಲ್ಕು ಗಾಲಿಗಳ ಹಲಗೆಯ ಮೇಲೆ ನಿಂತು ಬೆಟ್ಟವನ್ನಿಳಿಯುವ ಲಾಂಗ್‌ಬೋರ್ಡ್ ಸವಾರರ ತೀರ್ಥಕ್ಷೇತ್ರವಾಯಿತು.

ಈ ಪರಿವರ್ತನೆಗೆ ಮೊದಲು ಗಾಲಿ ಬದಲಾಗಬೇಕಾಗಿತ್ತು. ಕ್ಯಾಲಿಫೋರ್ನಿಯಾದ ಕಡಲಲೆಗಳ ಮೇಲೆ ಜಾರುತ್ತಿದ್ದ ತರುಣರು, ಅಲೆಯಿಲ್ಲದ ದಿನಗಳ ವಿನೋದಕ್ಕಾಗಿ 1950ರ ದಶಕದಲ್ಲಿ ಹಲಗೆಗೆ ಗಾಲಿ ಜೋಡಿಸಿಕೊಂಡರಷ್ಟೆ; ಆದರೆ ಆ ಕಾಲದ ಲೋಹದ ಮತ್ತು ಮಣ್ಣಿನ ಮಿಶ್ರಣದ ಗಾಲಿಗಳು ಕಿರಿದಾದ ಕಲ್ಲುಹರಳು ತಾಗಿದರೂ ಥಟ್ಟನೆ ನಿಂತು ಸವಾರನನ್ನು ಮುಂದಕ್ಕೆ ಕೆಡಹುತ್ತಿದ್ದುವಾದ್ದರಿಂದ, ಕಡಿದಾದ ಇಳಿಜಾರಿನಲ್ಲಿ ವೇಗವನ್ನು ಬಯಸುವುದು ದುಸ್ಸಾಹಸವಾಗಿತ್ತು. 1970ರ ದಶಕದ ಆದಿಯಲ್ಲಿ ಫ್ರ್ಯಾಂಕ್ ನ್ಯಾಸ್ವರ್ದಿ ಎಂಬ ತರುಣನು ಪಾಲಿಯುರಿಥೇನ್ ಗಾಲಿಗಳನ್ನು ಬಳಕೆಗೆ ತಂದ ಮೇಲೆ, ನೆಲವನ್ನು ಮೃದುವಾಗಿ ಹಿಡಿದು ಹರಳುಗಳನ್ನು ದಾಟಿ ಉರುಳುವ ಆ ಗಾಲಿಗಳಿಂದ, ಬೆಟ್ಟಗಳ ಬಾಗಿಲು ತೆರೆಯಿತು.

ತೆರೆದ ಬಾಗಿಲಿನಲ್ಲಿ ಮೊದಲು ನುಗ್ಗಿದವರು ತೆತ್ತ ಬೆಲೆಯನ್ನು ಮರೆಯಲಾಗದು. ಲಾಸ್ ಏಂಜಲಿಸ್ ಸಮೀಪದ ಸಿಗ್ನಲ್ ಹಿಲ್ ಎಂಬ ಗುಡ್ಡದಲ್ಲಿ 1975ರಲ್ಲಿ ನಡೆದ ವೇಗದ ಸ್ಪರ್ಧೆಯಲ್ಲಿ ಗೈ ಗ್ರಂಡಿ ಎಂಬಾತನು ಗಂಟೆಗೆ 50 ಮೈಲಿಗೂ ತುಸು ಮಿಕ್ಕ ವೇಗದಲ್ಲಿಳಿದು ಗೆದ್ದನು. ವರ್ಷವರ್ಷಕ್ಕೂ ವೇಗವು ಹೆಚ್ಚಿತು, ಜನರೂ ಹೆಚ್ಚಿದರು. ಸವಾರರೂ ನೋಡುಗರೂ ಗಾಯಗೊಂಡು, 1978ರ ಬಳಿಕ ಆ ಸ್ಪರ್ಧೆಯೇ ನಿಂತುಹೋಯಿತು. ವೇಗವನ್ನು ಗಾಲಿಯು ತಾನೇ ಒದಗಿಸಬಲ್ಲದು. ಆ ವೇಗಕ್ಕೆ ತಕ್ಕ ರಸ್ತೆಯನ್ನು ಮಾತ್ರ ಮನುಷ್ಯರೇ ಕಾಯ್ದು ಸಿದ್ಧಪಡಿಸಬೇಕು. 1996ರಲ್ಲಿ ಅಂತರರಾಷ್ಟ್ರೀಯ ಗ್ರಾವಿಟಿ ಸ್ಪೋರ್ಟ್ಸ್ ಸಂಘವು ಹುಟ್ಟಿ ಇಂಥ ಸ್ಪರ್ಧೆಗಳಿಗೊಂದು ಕಟ್ಟುಪಾಡು ಬಂದಿತು. ಮೇರಿಹಿಲ್ಲಿನ ರಸ್ತೆಯಲ್ಲಿ ಫೆಸ್ಟಿವಲ್ ಆಫ್ ಸ್ಪೀಡ್ ಎಂಬ ಕೂಟವು ದೇಶವಿದೇಶಗಳ ಸವಾರರನ್ನು ಸೇರಿಸಿತು. ಸ್ಪರ್ಧೆಯ ಹಂಗಿಲ್ಲದೆ ದಿನವಿಡೀ ಇಳಿಯುವ ಫ್ರೀರೈಡ್ ಕೂಟಗಳನ್ನು ಮೇರಿಹಿಲ್ ರಾಟ್ಜ್ ಎಂಬ ಸ್ಕೇಟ್ ಬಳಗವು ಅಲ್ಲಿ ನಡೆಸುತ್ತ ಬಂದಿತು.

ಇಂಥ ಕೂಟದ ದಿನ, ಚರ್ಮದ ಉಡುಪು ತೊಟ್ಟು, ಮುಖ ಮುಚ್ಚುವ ಹೆಲ್ಮೆಟ್ ಧರಿಸಿ, ಅಂಗೈಯಲ್ಲಿ ಪ್ಲಾಸ್ಟಿಕ್ ಬಿಲ್ಲೆಯುಳ್ಳ ಗ್ಲೌಸಿನ ಕೈಯನ್ನು ನೆಲಕ್ಕೂರಿ, ಹಲಗೆಯನ್ನು ಅಡ್ಡಕ್ಕೆ ಜಾರಿಸಿ ವೇಗವನ್ನು ತಗ್ಗಿಸುತ್ತ ತಿರುವನ್ನು ಹೊಗುವ ಸವಾರನನ್ನು ಎಲ್ಲರೂ ನೋಡುತ್ತಾರೆ. ಊರ ತೇರನ್ನು ಕಂಡು ಕೈಮುಗಿಯುವ ನಾವು ಗಾಲಿಯ ಬಳಿ ಸನ್ನೆಮರ ಹಿಡಿದು ನಡೆಯುವವನನ್ನು ಗಮನಿಸುವುದು ವಿರಳವಷ್ಟೆ. ತಿರುವಿನ ಹೊರಮಗ್ಗುಲಲ್ಲಿ ಬಾವುಟ ಹಿಡಿದು ನಿಂತ ಸ್ವಯಂಸೇವಕನ ಸ್ಥಿತಿಯೂ ಅಂತಹುದೇ. ಈ ಹಲಗೆಗೆ ಬ್ರೇಕಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುವವನು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುವನು. ಮುಂದಿನ ತಿರುವಿನಾಚೆ ಮತ್ತೊಬ್ಬನು ಬಿದ್ದಿರುವುದು ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಮಾಡಬಹುದಾದುದು ಬಹು ಸ್ವಲ್ಪ. ಆದ್ದರಿಂದ ಪ್ರತಿಯೊಂದು ತಿರುವಿನವನೂ ತನ್ನ ಮೇಲಿನವನಿಗೂ ಕೆಳಗಿನವನಿಗೂ ಕಾಣುವಂತೆ ನಿಲ್ಲಬೇಕು. ಸವಾರನೊಬ್ಬನು ಬಿದ್ದ ಕ್ಷಣವೇ ಬಾವುಟ ಬೀಸಿ, ವಾಕಿಟಾಕಿಯಲ್ಲಿ ಆರಂಭಸ್ಥಾನಕ್ಕೆ ತಿಳಿಸಿ, ಬಿದ್ದವನು ಎದ್ದು ರಸ್ತೆಯಿಂದ ಸರಿದನೇ, ಅವನ ಹಲಗೆ ಎಲ್ಲಿ ಉರುಳಿತು ಎಂಬುದನ್ನು ನೋಡಿದ ಮೇಲೆಯೇ ದಾರಿ ತೆರವೆಂದು ಸಾರಬೇಕು. ಸವಾರರು ಬಡಿದಲ್ಲಿ ಪೆಟ್ಟನ್ನು ಹೀರಲೆಂದು ಸಾಲಾಗಿ ಪೇರಿಸಿದ ಹುಲ್ಲಿನ ಪಿಂಡಿಗಳು ಒಡೆದು ಚೆಲ್ಲಿದರೆ, ಆ ಹುಲ್ಲೇ ಮುಂದಿನವನ ಗಾಲಿಗೆ ಅಪಾಯವಾಗುವುದರಿಂದ, ಪೊರಕೆ ಹಿಡಿದು ಕ್ಷಣಾರ್ಧದಲ್ಲಿ ಗುಡಿಸಿ, ಪಿಂಡಿಗಳನ್ನು ಮತ್ತೆ ಒತ್ತಿ ನಿಲ್ಲಿಸಬೇಕು. ಇದೆಲ್ಲ ನೆರಳಿಲ್ಲದ ಗುಡ್ಡದ ಬಿಸಿಲಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ, ಬಹುಪಾಲು ಏನೂ ಸಂಭವಿಸದ ಹೊತ್ತಿನ ನಡುವೆಯೂ ಗಮನವು ಕದಲದಂತೆ ನಡೆಯಬೇಕಾದ ಕೆಲಸ. ಇದಕ್ಕಿಂತ ಕಠಿನವಾದ ಸೇವೆ ಈ ಕ್ರೀಡೆಯಲ್ಲಿ ಮತ್ತೊಂದಿಲ್ಲವೆಂದೇ ನನ್ನ ಭಾವನೆ.

ಮೇಲ್ತುದಿಯಲ್ಲಿ ಹೆಲ್ಮೆಟ್ಟಿನ ಪಟ್ಟಿಯನ್ನು ಪರೀಕ್ಷಿಸುವವರು, ಇಳಿದವರನ್ನು ಲಾರಿಯಲ್ಲಿ ಮರಳಿ ಮೇಲಕ್ಕೆ ಸಾಗಿಸುವವರು, ನೀರು ಹಂಚುವವರು, ಇವರೂ ಉಂಟು. ಟಿಕೇಟು ಕೊಂಡು ನೋಡುವ ಜನಸಂದಣಿ ಇಂಥ ಕೂಟಗಳಿಗೆ ಇಲ್ಲವಾದುದರಿಂದ, ರಸ್ತೆಯ ಬಾಡಿಗೆ, ವಿಮೆ, ಆಂಬುಲೆನ್ಸು ಇವುಗಳ ವೆಚ್ಚವು ಹೆಚ್ಚಾಗಿ ಸವಾರರ ಪ್ರವೇಶಶುಲ್ಕದಿಂದಲೇ ಹುಟ್ಟಬೇಕು. ದುಡಿಯುವ ಇಷ್ಟೆಲ್ಲ ಕೈಗಳಿಗೆ ಸಂಬಳ ಕೊಡುವಂತಾದರೆ ಕೂಟವೇ ನಡೆಯದು. ವೇಗದ ದಾಖಲೆಗಳು ಲೋಕಕ್ಕೆ ತಿಳಿಯುತ್ತವೆ. ಕೆನಡಾದ ಕ್ವಿಬೆಕ್ ಪ್ರಾಂತದ ಲೆ ಎಬುಲ್ಮಾ ಎಂಬಲ್ಲಿ 2017ರಲ್ಲಿ ಪೀಟರ್ ಕಾನಲಿ ಗಂಟೆಗೆ 146.73 ಕಿಲೋಮೀಟರು ವೇಗದಲ್ಲಿ ಇಳಿದುದು ಪ್ರಸಿದ್ಧ. ಬಾವುಟ ಹಿಡಿದವರ ಹೆಸರುಗಳು ಯಾವ ದಾಖಲೆಗೂ ಸೇರುವುದಿಲ್ಲ. ನಮ್ಮ ಬೆಂಗಳೂರಿನಲ್ಲಿಯೂ 2013ರಲ್ಲಿ ಹೋಲಿಸ್ಟೋಕ್ಡ್ ಎಂಬ ಬಳಗದವರು, ಹೊರದೇಶಗಳಿಂದ ಬಂದ ಸ್ವಯಂಸೇವಕರೊಡಗೂಡಿ, ಕಾಂಕ್ರೀಟಿನ ಸ್ಕೇಟ್ ಅಂಗಣವೊಂದನ್ನು ಕಟ್ಟಿದಾಗ, ಹೆಸರಿಲ್ಲದ ಇಂಥ ಕೈಗಳ ದುಡಿಮೆಯೇ ಅದನ್ನು ಎತ್ತಿ ನಿಲ್ಲಿಸಿತು.

ಎಷ್ಟೋ ಕೂಟಗಳಲ್ಲಿ ಶುಲ್ಕ ತೆರಲಾರದ ತರುಣರು ತಿರುವಿನಲ್ಲಿ ದುಡಿದು, ಅದಕ್ಕೆ ಪ್ರತಿಯಾಗಿ ಇಳಿಯುವ ಅವಕಾಶ ಪಡೆಯುವ ಪದ್ಧತಿಯುಂಟು. ಇದು ಬರಿಯ ವಿನಿಮಯವಲ್ಲ. ಒಂದೇ ತಿರುವಿನಲ್ಲಿ ದಿನವಿಡೀ ನಿಂತವನು, ನುರಿತವರು ಎಲ್ಲಿ ಮೈಬಾಗಿಸುವರು, ಎಲ್ಲಿ ಕೈಯೂರುವರು, ಬೀಳುವವರು ಯಾವ ಎಡೆಯಲ್ಲಿ ತಡಮಾಡುವರು ಎಂಬುದನ್ನು ಕಣ್ಣಾರೆ ಕಲಿತಿರುತ್ತಾನೆ. ಮರುದಿನ ತಾನೇ ಆ ತಿರುವಿಗೆ ಬಂದಾಗ, ಅಲ್ಲಿ ಬಾವುಟ ಹಿಡಿದವನು ತೋರುವ ಸಂಜ್ಞೆಯ ಬೆಲೆಯನ್ನು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.