ಹಳೆಯ ವಾಚು ಕೊಳ್ಳುವವರಿಗೆ ಹೊಳಪೇ ಎಚ್ಚರಿಕೆ

ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತರಾದ ಮೇಷ್ಟರಿಗೆ ಕೈಗಡಿಯಾರವನ್ನೇ ಉಡುಗೊರೆ ಕೊಡುತ್ತಿದ್ದ ಕಾಲವೊಂದಿತ್ತು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ವಾಚು ಎಂದರೆ ಎಚ್‌ಎಂಟಿ ಎಂದೇ ಅರ್ಥವಾಗಿತ್ತು. ಈಗ ಗಂಟೆ ನೋಡಲು ಮೊಬೈಲ್ ಸಾಕು. ಆದರೂ ಬ್ಯಾಟರಿಯ ಹಂಗಿಲ್ಲದೆ, ದಿನಕ್ಕೊಮ್ಮೆ ಕೀ ಕೊಟ್ಟರೆ ಓಡುವ ಹಳೆಯ ವಾಚನ್ನು ಹುಡುಕಿ ಹೋಗುವ ಕಾಲೇಜು ಹುಡುಗ ಹುಡುಗಿಯರಿದ್ದಾರೆ. ಜೇಬಿನಲ್ಲಿ ಹಣ ಕಡಿಮೆ, ಕಣ್ಣಿಗೆ ಅನುಭವ ಇನ್ನೂ ಕಡಿಮೆ. ಮೋಸ ಹೋಗುವುದು ಇಲ್ಲಿಯೇ.

ಮೊದಲ ಹಳೆಯ ವಾಚಿಗೆ ಸ್ವಿಸ್ ಹೆಸರುಗಳ ಬೆನ್ನು ಹತ್ತಬೇಕಾಗಿಲ್ಲ. ಅವುಗಳ ಬಿಡಿಭಾಗ ಸುಲಭವಾಗಿ ಸಿಗದು, ರಿಪೇರಿ ಖರ್ಚು ವಿದ್ಯಾರ್ಥಿಗೆ ನಿಲುಕದು. ಕೀ ಕೊಡುವ ಸಾದಾ ಎಚ್‌ಎಂಟಿಯೇ ಒಳ್ಳೆಯ ಆರಂಭ. ಅದಕ್ಕೆ ಅಭಿಮಾನವಷ್ಟೇ ಕಾರಣವಲ್ಲ.

ಜಾಲಹಳ್ಳಿಯ ಯಂತ್ರ

1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಮೊದಲು ತಯಾರಿಸುತ್ತಿದ್ದುದು ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಅದು ವಾಚು ತಯಾರಿಕೆಗೆ ಇಳಿಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಬಂದವು. ಜನತಾ, ಪೈಲಟ್, ಸೋನಾ, ಕೊಹಿನೂರ್, ಜವಾನ್ ಮುಂತಾದ ಹೆಸರುಗಳು ಮನೆಮಾತಾದವು. ದೇವನಾಗರಿಯಲ್ಲಿ ಹೆಸರು ಬರೆದ ಡಯಲ್‌ಗಳೂ, ಅಂಧರಿಗಾಗಿ ಬೆರಳಿನಿಂದ ಮುಟ್ಟಿ ನೋಡುವ ಬ್ರೈಲ್ ವಾಚೂ ಬಂದವು.

1980ರ ದಶಕದಲ್ಲಿ ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳು ಪೇಟೆ ತುಂಬಿದಾಗ ಕೀ ಕೊಡುವ ವಾಚಿನ ಕಾಲ ಮುಗಿಯತೊಡಗಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಅದರ ಒಳಗಿನ ಯಂತ್ರ ಸರಳ. ಕೀ ಕೊಟ್ಟಾಗ ಒಂದು ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದು ಒಮ್ಮೆಲೇ ಬಿಚ್ಚಿಕೊಳ್ಳದಂತೆ ತಡೆಯುವುದು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಜನತಾ ವಾಚಿನಲ್ಲಿ ಇದು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ತೂಗುತ್ತದೆ. ಒಂದೊಂದು ತೂಗಿಗೂ ಹಲ್ಲಿನ ಚಕ್ರಗಳು ಅಷ್ಟಷ್ಟೇ ಮುಂದೆ ಸರಿಯುತ್ತವೆ. ಕಿವಿಗೆ ಕೇಳುವ ಟಿಕ್ ಟಿಕ್ ಇದೇ. ಡಯಲ್ ಮೇಲೆ ಬರೆದ ‘17 ಜ್ಯುವೆಲ್ಸ್’ ಅಲಂಕಾರದ ಒಡವೆಯಲ್ಲ. ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳವು.

ಒಂದೇ ಬಗೆಯ ಯಂತ್ರವನ್ನು ಹಲವು ಮಾದರಿಗಳಲ್ಲಿ ಬಳಸಿದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಹೊಂದುತ್ತದೆ. ಊರಿನ ಹಳೆಯ ವಾಚು ರಿಪೇರಿಯವರ ಕೈಗೆ ಇದು ಪಳಗಿದ ಯಂತ್ರ. ಬಡ ವಿದ್ಯಾರ್ಥಿಗೆ ಇದೇ ವರ.

ವರವೇ ಶಾಪವಾದಾಗ

ಆದರೆ ನಕಲಿ ಮಾಡುವವರಿಗೂ ಇದೇ ವರ. ನಾಲ್ಕಾರು ಕೆಟ್ಟ ವಾಚುಗಳ ಭಾಗಗಳನ್ನು ಕೂಡಿಸಿ ಒಂದು ವಾಚು ಮಾಡುತ್ತಾರೆ. ಮಾಸಿದ ಡಯಲನ್ನು ಉಜ್ಜಿ ಕೆಂಪು, ಹಳದಿ, ಕಡುನೀಲಿ ಬಣ್ಣ ಬಳಿದು ಹೊಸದಾಗಿ ಅಕ್ಷರ ಮುದ್ರಿಸುತ್ತಾರೆ. ಕಪ್ಪು ಡಯಲಿನ ಪೈಲಟ್‌ಗೆ ಬೇಡಿಕೆ ಹೆಚ್ಚು. ಆದ್ದರಿಂದ ಅದರ ಹೆಸರಿನ ನಕಲಿಯೂ ಹೆಚ್ಚು. ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲೂ ‘ಪೈಲಟ್’ ಮಾರಾಟಕ್ಕಿದೆ. ಹೀಗೆ ಉಜ್ಜಿದ ಮೂಲ ಡಯಲ್ ಮತ್ತೆ ಬರುವುದಿಲ್ಲ.

ಹಾಗಾಗಿ ಕೊಳ್ಳುವವರು ಮೊದಲು ಅನುಮಾನಿಸಬೇಕಾದುದು ಹೊಳಪನ್ನು. ನಲವತ್ತು ವರ್ಷ ಬೆವರು, ಬಿಸಿಲು ಕಂಡ ವಾಚಿನ ಕೇಸು ಸವೆದು, ಡಯಲ್ ಮಾತ್ರ ನಿನ್ನೆ ಮುದ್ರಿಸಿದಂತಿದ್ದರೆ ಅದನ್ನು ಕೆಳಗಿಡುವುದು ಒಳಿತು. ಭೂತಗನ್ನಡಿ ಹಿಡಿದು ನೋಡಿದರೆ ಮೂಲ ಡಯಲಿನ ಅಕ್ಷರ ತೆಳ್ಳಗೆ, ಅಂಚು ಚೂಪಾಗಿರುತ್ತದೆ. ಮರುಬಣ್ಣದಲ್ಲಿ ಅಕ್ಷರ ದಪ್ಪ, ನಿಮಿಷದ ಗೆರೆಗಳು ಓರೆ. ಸ್ವಲ್ಪ ಹಳದಿಯಾದ, ಅಲ್ಲಲ್ಲಿ ಚುಕ್ಕೆ ಬಿದ್ದ ಡಯಲೇ ಹೆಚ್ಚು ನಂಬಿಕೆಗೆ ಅರ್ಹ. ಗಾಜಿನ ಗೀರಿಗೆ ಹೆದರಬೇಕಿಲ್ಲ. ಅದು ಪ್ಲಾಸ್ಟಿಕ್‌ನದು. ಸಣ್ಣ ಗೀರುಗಳು ಟೂತ್‌ಪೇಸ್ಟ್‌ನಿಂದ ಉಜ್ಜಿದರೆ ಹೋಗುತ್ತವೆ.

ಎರಡನೆಯದು, ಹಿಂಬದಿಯ ಮುಚ್ಚಳ ತೆಗೆಸಿ ನೋಡುವುದು. ಯಂತ್ರದ ಮೇಲೆ ಎಚ್‌ಎಂಟಿ ಮುದ್ರೆ ಇರಬೇಕು, ತುಕ್ಕು ಇರಬಾರದು. ಡಯಲ್ ಮೇಲೆ ‘ಆಟೊಮ್ಯಾಟಿಕ್’ ಎಂದಿದ್ದು ಒಳಗೆ ಕೀ ಕೊಡುವ ಯಂತ್ರವಿದ್ದರೆ ಮೋಸ ಸ್ಪಷ್ಟ. ಮುಚ್ಚಳ ತೆಗೆಯಲು ಒಪ್ಪದ ವ್ಯಾಪಾರಿಯ ಬಳಿ ವ್ಯಾಪಾರವೇ ಬೇಡ.

ಮೂರನೆಯದು, ಓಡಿಸಿ ನೋಡುವುದು. ಕೀ ಮೆತ್ತಗೆ ತಿರುಗಬೇಕು, ಕೊನೆಯಲ್ಲಿ ಬಿಗಿಯಾಗಿ ನಿಲ್ಲಬೇಕು. ಅಲುಗಾಡಿಸಿದಾಗ ಓಡಿ, ಮೇಜಿನ ಮೇಲಿಟ್ಟಾಗ ನಿಲ್ಲುವ ವಾಚಿನಲ್ಲಿ ಎಣ್ಣೆ ಒಣಗಿರಬಹುದು, ಇಲ್ಲವೇ ಕೊಳೆ ಕಟ್ಟಿರಬಹುದು. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಅದು ಅಂಥ ದೋಷವಲ್ಲ.

ಹಣದ ಲೆಕ್ಕ

ಕೈಯಲ್ಲಿರುವ ಹಣವನ್ನೆಲ್ಲ ವಾಚಿಗೇ ಸುರಿಯಬಾರದು. ಮೂರು ಸಾವಿರವಿದ್ದರೆ ಎರಡು ಸಾವಿರದೊಳಗೆ ಕೊಂಡು, ಉಳಿದುದನ್ನು ಸರ್ವಿಸಿಗೆ ಇಡುವುದು ಜಾಣತನ. ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟ ಯಂತ್ರ ವರ್ಷಗಟ್ಟಲೆ ಓಡುತ್ತದೆ. ಒಣಗಿದ ಯಂತ್ರವನ್ನು ಓಡಿಸಿದಷ್ಟೂ ಅದು ಸವೆಯುತ್ತದೆ. ಕೊಂಡ ಮೇಲೆ ನೀರಿನಿಂದ ಮತ್ತು ಆಯಸ್ಕಾಂತದಿಂದ ದೂರವಿಡಬೇಕು. ಸ್ಪೀಕರ್ ಪಕ್ಕದಲ್ಲಿಟ್ಟ ವಾಚು ಒಮ್ಮೆಲೇ ಜೋರಾಗಿ ಓಡತೊಡಗಿದರೆ ಆಯಸ್ಕಾಂತ ತಗುಲಿದೆ ಎಂದೇ ತಿಳಿಯಬೇಕು. ರಿಪೇರಿಯವರು ಅದನ್ನು ಕ್ಷಣದಲ್ಲಿ ತೆಗೆಯಬಲ್ಲರು.

ಅಸಲಿ ಹೇಗಿರುತ್ತದೆಂದು ಕಣ್ಣಿಗೆ ರೂಢಿ ಮಾಡಿಕೊಳ್ಳುವವರಿಗೆ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ. ಇನ್ನೂ ಅಗ್ಗದ ದಾರಿಯೆಂದರೆ ಅಜ್ಜನ ಪೆಟ್ಟಿಗೆ, ಅಪ್ಪನ ಬೀರು. ನಿಂತುಹೋಗಿದೆಯೆಂದು ಮೂಲೆಗೆ ಸೇರಿದ ವಾಚಿನ ಡಯಲನ್ನು ಯಾರೂ ಮುಟ್ಟಿರುವುದಿಲ್ಲ. ರಿಪೇರಿಯವರ ಒಂದು ದಿನದ ಕೆಲಸದಿಂದ ಅದು ಮತ್ತೆ ಸೆಕೆಂಡಿಗೆ ಐದು ಬಾರಿ ಮಿಡಿಯಬಹುದು.